ಹಿರ್ಟಾ ದ್ವೀಪಕ್ಕೆ ಹೊರಟ ಮಗಳಿಗೆ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಸೇಂಟ್ ಕಿಲ್ಡಾ ದ್ವೀಪಗಳಿಗೆ ಹೋಗುವುದಾದರೆ ಜೂನ್‌ನಲ್ಲೇ ಹೋಗು. ಆಗಸ್ಟ್ ಬಂತೆಂದರೆ ಪಫಿನ್ ಹಕ್ಕಿಗಳು ಗೂಡು ಬಿಟ್ಟು ಕಡಲಿಗೆ ಹೊರಟುಬಿಡುತ್ತವೆ. ಹ್ಯಾರಿಸ್ ದ್ವೀಪದ ಲೆವರ್‌ಬರ್ಗ್‌ನಿಂದ ದೋಣಿಯಲ್ಲಿ ಸುಮಾರು ಮೂರು ಗಂಟೆ ದಾರಿ. ಟಿಕೆಟ್ ಕೈಯಲ್ಲಿದ್ದರೂ ಆ ದಿನವೇ ಇಳಿಯುತ್ತೀಯೆಂದು ನಂಬಬೇಡ. ಅಲ್ಲಿನ ದೊಡ್ಡ ದ್ವೀಪ ಹಿರ್ಟಾದಲ್ಲಿ ಇಳಿಯುವ ವಿಲೇಜ್ ಬೇ ಆಗ್ನೇಯಕ್ಕೆ ಬಾಯಿ ತೆರೆದ ಕೊಲ್ಲಿ; ಆ ಕಡೆಯಿಂದ ಗಾಳಿ ಎದ್ದರೆ ಅಲೆ ನೇರ ಜೆಟ್ಟಿಗೇ ಬಡಿಯುತ್ತದೆ. ಹ್ಯಾರಿಸ್‌ನಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೋ. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ನುಂಗು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದಡಕ್ಕೆ ಹೋಗಲು ಚಿಕ್ಕ ರಬ್ಬರ್ ದೋಣಿಗೆ ದಾಟಬೇಕು, ಸಾಮಾನೆಲ್ಲ ಬೆನ್ನಚೀಲದಲ್ಲಿದ್ದು ಎರಡೂ ಕೈ ಖಾಲಿ ಇರಲಿ. ಹೊರಡುವ ಮುನ್ನ ಚೀಲ ಪೂರ್ತಿ ಕೊಡವಿ ನೋಡು. ಆ ದ್ವೀಪದಲ್ಲಿ ಹೆಗ್ಗಣವಿಲ್ಲ. ಬಸುರಿ ಹೆಗ್ಗಣ ಒಂದು ಸೇರಿಕೊಂಡರೂ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ ಮರಿ ಉಳಿಯುವುದಿಲ್ಲ.

ದಡದಲ್ಲಿ ಸಿಗುವುದು ನಾಲ್ಕೈದು ಗಂಟೆ. ಬಹಳ ಜನ ಅದನ್ನು 430 ಮೀಟರ್ ಎತ್ತರದ ಕಾನಕೇರ್ ಹತ್ತುವುದರಲ್ಲೇ ಕಳೆಯುತ್ತಾರೆ, ಮೇಲೆ ಹೋದರೆ ಬರೀ ಮಂಜು. ನೀನು ಗ್ಯಾಪ್ ಎಂಬ ತಗ್ಗಿನವರೆಗೆ ಹೋದರೆ ಸಾಕು, ಬೋರೆರೇ ದ್ವೀಪ ಕಾಣುತ್ತದೆ. ಹುಲ್ಲು ಮುಗಿದಲ್ಲೇ ಪ್ರಪಾತ, ಅಂಚಿನಿಂದ ಹಿಂದೆಯೇ ನಿಲ್ಲು. ಬಾಂಕ್ಸಿ ಹಕ್ಕಿ ತಲೆಗೆ ಎರಗಲು ಬಂದರೆ ಕೋಲನ್ನು ತಲೆಗಿಂತ ಮೇಲೆ ಹಿಡಿ. ಅದು ಎಲ್ಲಕ್ಕಿಂತ ಎತ್ತರದ ತುದಿಗೇ ಎರಗುತ್ತದೆ. ಅದರ ಗೂಡು ಹತ್ತಿರದಲ್ಲೇ ಇದೆಯೆಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗು.

ಉಳಿದ ಹೊತ್ತನ್ನೆಲ್ಲ ಕ್ಲೀಟ್‌ಗಳಿಗೆ ಕೊಡು. ಹಿರ್ಟಾ ಒಂದರಲ್ಲೇ 1,200ಕ್ಕೂ ಹೆಚ್ಚಿವೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಉಗ್ರಾಣಗಳು ಅವು. ಮೇಲೆ ಚಪ್ಪಡಿ, ಅದರ ಮೇಲೆ ಹುಲ್ಲುಮಣ್ಣಿನ ಹೆಂಟೆ. ಮಳೆಯನ್ನು ಚಾವಣಿ ತಡೆಯುತ್ತಿತ್ತು, ಗಾಳಿ ಮಾತ್ರ ಸಂದುಗಳಲ್ಲಿ ನುಸುಳಿ ಒಳಗಿನ ಹಕ್ಕಿಮಾಂಸ, ಮೊಟ್ಟೆ, ಗರಿಗಳನ್ನು ಕೆಡದಂತೆ ಕಾಯುತ್ತಿತ್ತು. ಬೇಳೆಕಾಳಿಗಿಂತ ಹಕ್ಕಿಯನ್ನೇ ನೆಚ್ಚಿ ಬದುಕಿದ ಊರಿಗೆ ಚಳಿಗಾಲ ದಾಟಿಸಿದ್ದು ಇದೇ. ಬಗ್ಗಿ ಒಳಗೆ ನೋಡು, ಗೋಡೆಗೆ ಕೈ ಹಿಡಿದರೆ ಗಾಳಿ ತಾಕುತ್ತದೆ. ಮೇಲೆ ಹತ್ತಬೇಡ, ಒಂದು ಕಲ್ಲು ಸರಿದರೂ ಸಾಲೇ ಜಾರುತ್ತದೆ.

ಬೀದಿಯಲ್ಲಿ 1860ರ ದಶಕದ 16 ಮನೆಗಳಿವೆ, ಮೂರನೆಯದು ಮ್ಯೂಸಿಯಂ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನ ಹೇರ್‌ಬೆಲ್ ಎಂಬ ಹಡಗು ಹತ್ತಿ ದ್ವೀಪ ಬಿಟ್ಟರು. ಅವರನ್ನು ಸರ್ಕಾರ ಎಬ್ಬಿಸಿತೆಂದು ಯಾರಾದರೂ ಹೇಳಿದರೆ ಒಪ್ಪಬೇಡ, ಊರವರೇ ಅರ್ಜಿ ಬರೆದಿದ್ದರು. ಗಟ್ಟಿಮುಟ್ಟಾದ ಹರೆಯದವರು ಒಬ್ಬೊಬ್ಬರಾಗಿ ಹೊರಟುಹೋಗಿ, ದೋಣಿ ನಡೆಸಲು, ಕುರಿ ಕಾಯಲು ಕೈಗಳೇ ಸಾಲದಾಗಿದ್ದವು.

ಹಿಂದಿರುಗುವಾಗ ಸುಸ್ತೆಂದು ಮಲಗಬೇಡ. ದೋಣಿ ಸಾಮಾನ್ಯವಾಗಿ ಬೋರೆರೇ ಕಡೆಯಿಂದ ಬರುತ್ತದೆ. ಅಲ್ಲಿ 196 ಮೀಟರ್ ಎತ್ತರದ ಸ್ಟ್ಯಾಕ್ ಅನ್ ಆರ್ಮಿನ್ ಬಂಡೆ ಕಡಲಿನಿಂದ ಎದ್ದು ನಿಂತಿದೆ. 1727ರಲ್ಲಿ ಹಕ್ಕಿ ಹಿಡಿಯಲು ಅಲ್ಲಿಗಿಳಿದ ಮೂವರು ಗಂಡಸರನ್ನೂ ಎಂಟು ಹುಡುಗರನ್ನೂ ಕರೆತರಲು ಯಾರೂ ಬರಲಿಲ್ಲ, ಊರಿಗೆ ಸಿಡುಬು ಬಡಿದಿತ್ತು. ಮರುವರ್ಷದ ಮೇ ತಿಂಗಳವರೆಗೆ ಅವರು ಅದೇ ಬಂಡೆಯ ಮೇಲಿದ್ದರು. ದೋಣಿ ಅಲ್ಲಿ ನಿಧಾನವಾದಾಗ ಟೋಪಿ ಹಾಕಿಕೊಂಡು ಹೊರಗೆ ಬಾ, ತಲೆಯ ಮೇಲೆ ಗ್ಯಾನೆಟ್ ಎಂಬ ಕಡಲಹಕ್ಕಿಗಳು ಕವಿದಿರುತ್ತವೆ.

ಇಂತಿ,
ನಿನ್ನ ಅಮ್ಮ