ಜಡ್ಜ್ ಆಯ್ಕೆಗೆ ಕಾರಣನೂ ಹೇಳ್ಲಿ

ಸಂಪಾದಕರೇ,

ಸುಪ್ರೀಂ ಕೋರ್ಟ್, ಹೈಕೋರ್ಟ್ ಜಡ್ಜ್‌ಗಳನ್ನ ಹಿರಿಯ ಜಡ್ಜ್‌ಗಳೇ ಆರಿಸೋ ಕೊಲಿಜಿಯಂ ಮಾತು ಬಂದ್ರೆ ನಮ್ಮ ಮಂಡ್ಯದ ಟೀ ಅಂಗಡೀಲೂ ಅಮೆರಿಕ ನೋಡಿ ಅಂತಾರೆ. ಅಲ್ಲಿ ಅಧ್ಯಕ್ಷರು ಹೆಸರು ಸೂಚಿಸಿ ಸೆನೆಟ್ ಒಪ್ಪಿದ್ರೆ ಸುಪ್ರೀಂ ಕೋರ್ಟ್ ಜಡ್ಜ್ ಸಾಯೋವರ್ಗೂ ಕೂತ್ಕೋಬಹುದು, ನಮ್ಮಲ್ಲಿ 65ಕ್ಕೆ ರಿಟೈರ್. ಮೆಕ್ಸಿಕೋದಲ್ಲಂತೂ 2025ರಲ್ಲಿ ಜನಾನೇ ವೋಟ್ ಹಾಕಿ ಜಡ್ಜ್‌ಗಳನ್ನ ಆರಿಸಿದ್ರು, ವೋಟ್ ಹಾಕೋಕೆ ಬಂದೋರು ನೂರಕ್ಕೆ ಸುಮಾರು 13 ಜನ ಅಷ್ಟೇ! ನಮ್ಮ ಜಿಲ್ಲೆ ಎಲೆಕ್ಷನ್ ಖರ್ಚು ನೋಡಿರೋ ಯಾರಿಗೂ ಅದು ಬೇಡಪ್ಪ ಅನ್ಸುತ್ತೆ. ನಂಗೆ ಹಿಡಿಸಿದ್ದು ಜರ್ಮನಿ, ಸಂವಿಧಾನ ಕೋರ್ಟ್‌ಗೆ 16 ಜಡ್ಜ್, ಅರ್ಧ ಜನಾನ ಒಂದು ಸದನ ಇನ್ನರ್ಧ ಜನಾನ ಇನ್ನೊಂದು ಸದನ ಆರಿಸುತ್ತೆ, ಮೂರನೇ ಎರಡರಷ್ಟು ವೋಟ್ ಬೇಕೇ ಬೇಕು, ಅವಧಿ 12 ವರ್ಷ, ಮತ್ತೆ ಚಾನ್ಸ್ ಇಲ್ಲ. ನಮ್ಮಲ್ಲಿ ಕೊಲಿಜಿಯಂ ಬದಲು ತಂದಿದ್ದ ಜಡ್ಜ್ ನೇಮಕದ ಆಯೋಗ ಎನ್‌ಜೆಎಸಿನ 2015ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡ್ತು. ಸರಿ, ಕೊಲಿಜಿಯಂ ಇರ್ಲಿ, ಯಾರನ್ನ ಯಾಕೆ ಆರಿಸಿದ್ರು ಯಾಕೆ ಬಿಟ್ರು ಅನ್ನೋದನ್ನ ತಪ್ಪದೆ ಬರೆದು ಹಾಕ್ಲಿ.

– ಓದುಗ, ಮಂಡ್ಯ