ಫೈನಲ್ ನಿಮ್ಮ ಮೈದಾನಕ್ಕೆ ಬಂತಂತೆ!

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ಖುಷಿಯಾಯಿತು. ಮಹಿಳಾ ಫುಟ್‌ಬಾಲ್ ಕ್ಲಬ್ ಟೂರ್ನಿಯ ಫೈನಲ್ ನಿಮ್ಮ ಮೈದಾನಕ್ಕೆ ಬಂತು, ಅದರ ಉಸ್ತುವಾರಿ ನಿನ್ನ ತಲೆಗೆ ಬಂತು. ಎರಡನೆಯದು ಓದಿದಾಗ ಮಾತ್ರ ಅಯ್ಯೋ ಪಾಪ ಅನಿಸಿತು. ನಾಲ್ಕು ವರ್ಷದ ಹಿಂದೆ ನಾನೂ ಇದೇ ನೊಗಕ್ಕೆ ಹೆಗಲು ಕೊಟ್ಟವನಲ್ವಾ?

"ಹೆಣ್ಣುಮಕ್ಕಳ ಮ್ಯಾಚಿಗೆ ಎಷ್ಟು ಜನ ಬರ್ತಾರೆ, ಪ್ರಾಕ್ಟೀಸ್ ಮೈದಾನವೇ ಸಾಕು" ಅಂತ ನಿಮ್ಮ ಸಮಿತಿಯಲ್ಲಿ ಯಾರೋ ಅಂದರು ಅಂತ ಬರೆದಿದ್ದೀಯ. ಆ ಮಾತಿಗೆ ನೂರು ವರ್ಷ ವಯಸ್ಸಾಗಿದೆ ಮಾರಾಯ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್ ಸ್ಟೇಡಿಯಂನಲ್ಲಿ ಡಿಕ್, ಕೆರ್ ಲೇಡೀಸ್ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯರು ಕಟ್ಟಿದ ತಂಡ ಅದು. ಒಳಗೆ ಜಾಗ ಸಿಗದೆ ಹೊರಗೆ ಉಳಿದವರು ಬೇರೆ. ಮರುವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಏನು ಮಾಡಿತು ಗೊತ್ತಾ? ಈ ಆಟ ಹೆಂಗಸರಿಗೆ ಹೇಳಿದ್ದಲ್ಲ ಅಂದು, ತನ್ನ ಕ್ಲಬ್‌ಗಳ ಮೈದಾನದ ಬಾಗಿಲು ಮುಚ್ಚಿತು. ಮತ್ತೆ ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಮೈದಾನವನ್ನೇ ಕೊಡದೆ, ಜನ ಬರಲ್ಲ ಅಂತ ಹೇಳುವುದು ಸುಲಭ ನೋಡು.

ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗಿನ ಕತೆಯೂ ಇದೇ ಸಾಲಿನದು. 2010ರಿಂದ 2018ರವರೆಗೆ ಅದರ ಫೈನಲ್ ನಡೆಯುತ್ತಿದ್ದದ್ದು ಗಂಡಸರ ಫೈನಲ್ ಇರುವ ಊರಲ್ಲೋ ಅದರ ಅಕ್ಕಪಕ್ಕದಲ್ಲೋ, ಅದೂ ಬಹುತೇಕ ಅದೇ ವಾರದಲ್ಲಿ. ಅಣ್ಣನ ಮದುವೆ ಚಪ್ಪರದಲ್ಲೇ ತಂಗಿಯ ಶಾಸ್ತ್ರವನ್ನೂ ಮುಗಿಸಿದ ಹಾಗೆ. 2019ರಲ್ಲಿ ಮೊದಲ ಬಾರಿಗೆ ಬುಡಾಪೆಸ್ಟ್‌ನಲ್ಲಿ ಅದಕ್ಕೆ ಅಂತಲೇ ಬೇರೆ ಚಪ್ಪರ ಹಾಕಿದರು. 2024ರಲ್ಲಿ ಸ್ಪೇನಿನ ಬಿಲ್ಬಾವೊದ ಸಾನ್ ಮಾಮೆಸ್ ಸ್ಟೇಡಿಯಂನಲ್ಲಿ ಬಾರ್ಸಿಲೋನಾ ಮತ್ತು ಲಿಯೋನ್ ಆಡಿದಾಗ 50,827 ಜನ ಬಂದಿದ್ದರು. ಹಾಗಂತ ದೊಡ್ಡ ಸ್ಟೇಡಿಯಂ ಹಿಡಿದ ಮಾತ್ರಕ್ಕೆ ಅದು ತುಂಬುತ್ತೆ ಅಂತಲ್ಲ. ನಮ್ಮ ಫೈನಲ್‌ಗೆ ನಾವು ಮುಖ್ಯ ಮೈದಾನವನ್ನೇ ತೆಗೆದುಕೊಂಡು, ಒಂದೇ ಬದಿಯ ಗ್ಯಾಲರಿ ತೆರೆದೆವು. ಅದು ಭರ್ತಿಯಾಯಿತು. ಚದುರಿ ಕೂತ ಮೂರು ಸಾವಿರ ಜನರಿಗಿಂತ ಒತ್ತಿ ಕೂತ ಎಂಟುನೂರು ಜನರ ಗದ್ದಲವೇ ಜಾಸ್ತಿ.

ಗಂಡಸರ ಮ್ಯಾಚಿಗೆ ಮುಂಚಿನ ಆಟವಾಗಿ ಇದನ್ನು ಇಟ್ಟುಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಫೈನಲ್ ಮುಗಿಯುವ ಮೊದಲೇ ಇನ್ನೊಂದು ತಂಡ ವಾರ್ಮ್ ಅಪ್‌ಗೆ ಬಂದು ಗೆರೆ ಪಕ್ಕ ನಿಂತಿರುತ್ತೆ.

ಇನ್ನು ನನ್ನ ತಪ್ಪುಗಳಿಗೆ ಬರ್ತೀನಿ. ಹುಲ್ಲು, ಗೋಲಿನ ಬಲೆ, ಆಂಬ್ಯುಲೆನ್ಸ್, ಎಲ್ಲ ಎರಡೆರಡು ಸಲ ನೋಡಿದ್ದೆ. ಡ್ರೆಸ್ಸಿಂಗ್ ರೂಮಿಗೆ ಮಾತ್ರ ಬಾಗಿಲಿಂದಲೇ ಇಣುಕಿ, ಲೈಟ್ ಹತ್ತುತ್ತೆ, ನಲ್ಲಿಯಲ್ಲಿ ನೀರು ಬರುತ್ತೆ ಅಂತ ಬಂದಿದ್ದೆ. ಆ ದಿನ ಮಧ್ಯಾಹ್ನ ಹೋಗಿ ನೋಡ್ತೀನಿ, ಒಂದು ತಂಡದ ಗೋಲ್‌ಕೀಪರ್ ಗ್ಲೌಸ್ ಹಾಕಿದ ಎರಡೂ ಕೈಗಳಿಂದ ಹೊರಗೆ ಬಾಗಿಲು ಎಳೆದು ಹಿಡಿದುಕೊಂಡು ನಿಂತಿದ್ದಾಳೆ. ಒಳಗಡೆ ಚಿಲಕವೇ ಇಲ್ಲ! ಗಂಡಸರ ತಂಡಗಳು ಅಷ್ಟು ವರ್ಷ ಬಳಸಿದ ರೂಮು, ಒಬ್ಬರೂ ಚಿಲಕ ಕೇಳಿರಲಿಲ್ಲ. "ಪರವಾಗಿಲ್ಲ ಸರ್, ನಮಗೆ ಅಭ್ಯಾಸ ಇದೆ" ಅಂದಳು. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಓಡಿ ಹೋಗಿ ಬಡಗಿಯನ್ನು ಕರೆತಂದು ಹಾಕಿಸುವಷ್ಟರಲ್ಲಿ ಕಿಕ್ ಆಫ್‌ಗೆ ನಲವತ್ತು ನಿಮಿಷ ಉಳಿದಿತ್ತು. ರೆಫರಿಗಳು ನಾಲ್ವರೂ ಹೆಂಗಸರೇ. ಅವರಿಗೆ ಕೊಟ್ಟದ್ದು ಕೋನ್, ಹಳೇ ಚೆಂಡು ತುಂಬಿದ ಸ್ಟೋರ್ ರೂಮು. ನೀನು ಈಗಲೇ ಒಬ್ಬ ಆಟಗಾರ್ತಿಯನ್ನು ಕರೆದುಕೊಂಡು ಹೋಗಿ ರೂಮು, ಟಾಯ್ಲೆಟ್ಟು ಎಲ್ಲ ತೋರಿಸು. ಪ್ಯಾಡ್, ಮುಚ್ಚಳ ಇರುವ ಕಸದ ಬುಟ್ಟಿ, ಬಟ್ಟೆ ನೇತುಹಾಕಲು ಮೊಳೆ, ನಾವು ಮರೆಯುವುದೆಲ್ಲ ಅವಳಿಗೆ ಒಂದೇ ನೋಟಕ್ಕೆ ಕಾಣುತ್ತೆ.

ಹೊತ್ತಿನ ಲೆಕ್ಕವನ್ನೂ ಸರಿಯಾಗಿ ಹಾಕು. ನಿಮ್ಮ ಫ್ಲಡ್‌ಲೈಟ್ ನಂಬುವ ಹಾಗಿಲ್ಲ ಅಂದೆಯಲ್ಲ, ಹಾಗಿದ್ದರೆ ನಾಲ್ಕೂವರೆಗೆ ಶುರು ಮಾಡಬೇಡ. ತೊಂಬತ್ತು ನಿಮಿಷ, ಮಧ್ಯಂತರ, ಹೆಚ್ಚುವರಿ ಅರ್ಧ ಗಂಟೆ, ಆಮೇಲೆ ಪೆನಾಲ್ಟಿ ಅಂದರೆ ಏಳು ಗಂಟೆ ದಾಟುತ್ತೆ. 2010ರ ಆ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಪಾಟ್ಸ್‌ಡಾಮ್, ಲಿಯೋನ್ ತಂಡಗಳು 120 ನಿಮಿಷ ಆಡಿದರೂ ಒಂದು ಗೋಲೂ ಬರಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಪಾಟ್ಸ್‌ಡಾಮ್ 7–6ರಿಂದ ಗೆದ್ದಿತು. ಅಂಥದ್ದು ನಿಮ್ಮಲ್ಲೂ ಆಗಬಾರದು ಅಂತೇನಿಲ್ಲ.

ವೇದಿಕೆಗೆ ಅತಿಥಿಗಳು ಕಮ್ಮಿ ಇರಲಿ. ನಮ್ಮಲ್ಲಿ ಫೋಟೋ ತೆಗೆದಾಗ ಕಪ್ ಹಿಡಿದ ಕ್ಯಾಪ್ಟನ್ ಮುಖ ಯಾರದೋ ಭುಜದ ಹಿಂದೆ ಹೋಗಿತ್ತು. ಮೆಡಲ್‌ಗಳನ್ನು ಹನ್ನೊಂದರ ಲೆಕ್ಕದಲ್ಲಿ ತರಿಸಬೇಡ. ಬೆಂಚಿನವರು, ಕೋಚು, ಫಿಸಿಯೋ ಎಲ್ಲರನ್ನೂ ಎಣಿಸಿ, ಮೇಲೆ ಇನ್ನೆರಡು ಇಟ್ಟುಕೋ.

ಇನ್ನೊಂದು. ಫೈನಲ್‌ನ ಅತ್ಯುತ್ತಮ ಆಟಗಾರ್ತಿಗೆ ಅಂತ ಇಟ್ಟಿದ್ದ ಟ್ರೋಫಿಯನ್ನು ನಮ್ಮವರು ಹಳೇ ಆರ್ಡರ್ ನೋಡಿಯೇ ಮಾಡಿಸಿದ್ದರು. ಮೈಕಿನಲ್ಲಿ ಹೆಸರು ಕರೆದರು, ಎರಡು ಗೋಲು ಹೊಡೆದ ಹುಡುಗಿ ಮಂಡಿಯ ಕೆಸರು ಒರೆಸಿಕೊಳ್ಳುತ್ತಾ ಬಂದಳು, ಟ್ರೋಫಿ ತಿರುಗಿಸಿ ಜೋರಾಗಿ ಓದಿದಳು: "ಪಂದ್ಯ ಪುರುಷೋತ್ತಮ"! ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಬಸ್ ಹತ್ತುವವರೆಗೂ "ಪುರುಷೋತ್ತಮಾ, ಬ್ಯಾಗ್ ತಗೋ", "ಪುರುಷೋತ್ತಮಾ, ಕಿಟಕಿ ಸೀಟು ನಂದು" ಅಂತ ಅವಳನ್ನು ಕಾಡಿದರು. ಅವಳೂ ನಗುತ್ತಲೇ ಇದ್ದಳು. ಆದರೆ ಬಸ್ ಹೊರಡುವಾಗ ನೋಡಿದೆ, ಆ ಸಾಲಿನ ಮೇಲೆ ಗಾಯದ ಪಟ್ಟಿ ಅಂಟಿಸಿ, ಪೆನ್ನಲ್ಲಿ ತನ್ನ ಹೆಸರು ಬರೆದುಕೊಂಡಿದ್ದಳು.

ಟ್ರೋಫಿಯ ಮೇಲೆ ಏನು ಬರೆಸ್ತೀಯ ಅಂತ ಮೊದಲು ನನಗೊಂದು ಸಲ ಕಳಿಸು. ಮೈದಾನಕ್ಕೆ ಹಿಂದಿನ ದಿನವೇ ಬರ್ತೀನಿ, ಒಂದು ಸ್ಕ್ರೂಡ್ರೈವರ್ ಹಿಡ್ಕೊಂಡು.

ನಿನ್ನ ಗೆಳೆಯ