‘ದಿ ಶೇಕ್’ ಬಗ್ಗೆ ಬರೆಯುವಾಗ ಬಿಟ್ಟುಹೋದ ಒಂದು ಮಾತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮೂಕಿ ಸಿನಿಮಾಗಳ ಬಗ್ಗೆ ಬಂದ ಬರಹ ಓದಿದೆ. 1921ರ ಅಮೆರಿಕದ ಸಿನಿಮಾ ‘ದಿ ಶೇಕ್’ ಜಾತಿ-ಧರ್ಮ ಮೀರಿದ ಮರುಭೂಮಿಯ ಪ್ರೇಮಕಥೆ ಅಂತ ಅದರಲ್ಲಿದೆ. ಈ ಸಿನಿಮಾವನ್ನು ನಾನು ಮೊಬೈಲ್‌ನಲ್ಲಿ ಎರಡು ಸಲ ಪೂರ್ತಿ ನೋಡಿದ್ದೇನೆ. ಅದು ಏನನ್ನೂ ಮೀರಿಲ್ಲ. ಮೀರುವ ಹೊತ್ತಿಗೆ ಸರಿಯಾಗಿ ಹಿಂದೆ ಸರಿಯುತ್ತದೆ.

ಡಯಾನಾ ಎಂಬ ಇಂಗ್ಲಿಷ್ ಹುಡುಗಿಯನ್ನು ಶೇಕ್, ಅಂದರೆ ಅರಬ್ ಕುಲದ ಯಜಮಾನ, ಅಹ್ಮದ್ ಹೊತ್ತೊಯ್ಯುತ್ತಾನೆ. ಅಹ್ಮದ್ ಪಾತ್ರದಲ್ಲಿ ರುಡಾಲ್ಫ್ ವ್ಯಾಲಂಟಿನೋ. (ಹೊತ್ತೊಯ್ದು ಡೇರೆಯಲ್ಲಿ ಕೂಡಿಹಾಕುವುದಕ್ಕೆ ಪ್ರೇಮ ಅನ್ನುವುದೇ ನನಗೆ ಒಪ್ಪಿಗೆ ಇಲ್ಲ. ಇ.ಎಂ. ಹಲ್ ಬರೆದ ಮೂಲ ಕಾದಂಬರಿಯಲ್ಲಂತೂ ಅದು ಅತ್ಯಾಚಾರವೇ.) ಕೊನೆಯಲ್ಲಿ ಡಕಾಯಿತರ ಜೊತೆ ಕಾದಾಡಿ, ಪೆಟ್ಟು ತಿಂದು, ಅಹ್ಮದ್ ಎಚ್ಚರ ಇಲ್ಲದೆ ಮಲಗಿರುತ್ತಾನೆ. ಡಯಾನಾ ಪಕ್ಕದಲ್ಲಿ ಕೂತು ಅವನ ಕೈ ನೋಡುತ್ತಾಳೆ. ಅರಬ್ಬನ ಕೈ ಇಷ್ಟು ದೊಡ್ಡದಾ ಅನ್ನುತ್ತಾಳೆ. ಆಗ ಅಹ್ಮದನ ಗೆಳೆಯ ರಾವುಲ್ ಹೇಳುತ್ತಾನೆ: ಅವನು ಅರಬ್ಬ ಅಲ್ಲ, ಅಪ್ಪ ಇಂಗ್ಲಿಷಿನವನು, ಅಮ್ಮ ಸ್ಪೇನಿನವಳು.

ನಿಮ್ಮ ಬರಹದಲ್ಲಿ ಇಲ್ಲದ್ದು ಇದೇ ಮಾತು.

ಈ ವಿಷಯ ಡಯಾನಾಗೆ ಬೇಕೇ ಇರಲಿಲ್ಲ. ಅವಳು ಅದಕ್ಕೂ ಮೊದಲೇ ಅಹ್ಮದ್ ಮೇಲಿನ ಪ್ರೀತಿಯನ್ನು ಮರಳಿನ ಮೇಲೆ ಬೆರಳಿಂದ ಬರೆದಾಗಿತ್ತು. ಬೇಕಾಗಿದ್ದದ್ದು ಟಿಕೆಟ್ ತಗೊಂಡು ಕೂತವರಿಗೆ. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗಬಾರದು ಅನ್ನುವ ಕಾನೂನು ಆಗ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿತ್ತು, ಅದನ್ನು ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ. ವ್ಯಾಲಂಟಿನೋ ಕೂಡ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವನೇ. ಅವನಿಗಾಗಿ ಹೆಣ್ಣುಮಕ್ಕಳು ಥಿಯೇಟರಿಗೆ ಮುಗಿಬೀಳುತ್ತಿದ್ದ ಕಾಲದಲ್ಲೇ, 1924ರಲ್ಲಿ, ಇಟಲಿಯವರು ಜಾಸ್ತಿ ಬರದ ಹಾಗೆ ಕಾನೂನು ಮಾಡಿದರು.

ಆ ಕೈ ನೋಡುವ ದೃಶ್ಯ ನನಗೆ ಯಾಕೆ ಚುಚ್ಚಿತು ಅಂತ ಹೇಳಲೇಬೇಕು. ನಮ್ಮ ಮನೆಮಾತು ದಖನಿ ಉರ್ದು. ಓದಿದ್ದು ಕನ್ನಡ, ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದೂ ಕನ್ನಡವೇ. ಹಿಂದೆ ಇದೇ ಕಲಬುರಗಿಯಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಮಾಲೀಕರು ಕೂರಿಸಿ ಚಹಾ ಕೊಟ್ಟರು, ಬಿಸಿಲು, ತೊಗರಿ ರೇಟು, ಮಕ್ಕಳ ಪರೀಕ್ಷೆ ಎಲ್ಲಾ ಮಾತಾಡಿದೆವು. ಕೊನೆಗೆ ಹೆಸರು ಕೇಳಿದರು. ಹೇಳಿದೆ. ಒಂದು ಗಳಿಗೆ ಸುಮ್ಮನಾಗಿ, ನನ್ನ ಮುಖ ನೋಡಿ, ‘ನೀವು ಹಂಗ ಕಾಣಂಗಿಲ್ಲ ಬಿಡ್ರಿ ಸರ್, ಎಷ್ಟ್ ಚೊಲೊ ಕನ್ನಡ ಮಾತಾಡ್ತೀರಿ’ ಅಂದರು. ಪಾಪ, ಹೊಗಳಿದ್ದೇ ಅವರು. ಮನೆಯನ್ನೂ ಕೊಟ್ಟರು. ಆದರೆ ಚಹಾದ ಲೋಟ ಕೈಯಲ್ಲಿ ಹಿಡಿದು ಏನು ಹೇಳಬೇಕು ಅಂತ ತಿಳಿಯದೆ ಕೂತಿದ್ದು ನನಗೆ ಇನ್ನೂ ನೆನಪಿದೆ. ನೀವು ಅವರಲ್ಲ, ಅದಕ್ಕೇ ನಮ್ಮವರು ಅಂದರೆ ಒಪ್ಪಿಕೊಂಡಂತೆ ಆಗುತ್ತಾ? ರಾವುಲ್ ಹೇಳಿದ್ದೂ ಇದೇ ಅಲ್ವಾ?

ಇನ್ನೊಂದು ವಿಷಯ. ಅಹ್ಮದನನ್ನು ಸಾಕಿದ್ದು ಒಬ್ಬ ಮುದಿ ಶೇಕ್. ಮಗನ ಹಾಗೆ ಬೆಳೆಸಿ, ಪ್ಯಾರಿಸ್ಸಿಗೆ ಓದಲು ಕಳಿಸಿ, ತನ್ನ ಕುಲದ ಯಜಮಾನಿಕೆಯನ್ನೂ ಕೊಟ್ಟ. ಆಡಿದ ಮಾತು, ಉಂಡ ಅನ್ನ, ಇಟ್ಟ ಹೆಸರು ಎಲ್ಲಾ ಅರಬ್ಬರದ್ದು. ಹಾಗಿದ್ದ ಮೇಲೆ ಅವನು ಅರಬ್ಬ ಅಲ್ಲದೆ ಇನ್ನೇನು? ನಮ್ಮ ಕಡೆ ಸಾಕಿದವರನ್ನೇ ಅಪ್ಪ ಅನ್ನುತ್ತೇವೆ. ರಾವುಲ್‌ನ ಒಂದು ಮಾತಿಗೆ ಆ ಮುದುಕನ ಅಷ್ಟು ವರ್ಷದ ಸಾಕಾಣಿಕೆ ಲೆಕ್ಕಕ್ಕೇ ಇಲ್ಲದಂತಾಯಿತು.

ಸಿನಿಮಾ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ಮಾತೇ ಇಲ್ಲದೆ ಬರೀ ಕಣ್ಣಲ್ಲಿ ಅಷ್ಟು ಹೇಳುವುದನ್ನು ವ್ಯಾಲಂಟಿನೋನಲ್ಲಿ ನೋಡಲೇಬೇಕು. ಆದರೆ ನಿಮ್ಮ ಪುರವಣಿಯನ್ನು ಶಾಲೆ ಮಕ್ಕಳೂ ಓದುತ್ತಾರೆ. ಬರುವ ಭಾನುವಾರ ಆ ಕೈ ದೃಶ್ಯದ ಬಗ್ಗೆ ನಾಲ್ಕು ಸಾಲು ಸೇರಿಸಿ ಹಾಕಿ.

– ನಿವೃತ್ತ ಕನ್ನಡ ಶಿಕ್ಷಕ, ಕಲಬುರಗಿ